ಏರಿ ಮುಗಿದರೆ ಏರು

ಬಸ್ಸಿನ ಕಿಟಕಿಗೆ ತಲೆ ಆನಿಸಿದವರಿಗೆ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರು ಅಂದರೆ ನಲವತ್ತು ಕಿಲೋಮೀಟರಿನ ಒಂದು ನಿದ್ದೆ. ಸೈಕಲ್ಲಿನವರಿಗೆ ಅದು ಲೆಕ್ಕ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು 694ರ ಆಸುಪಾಸಿನಲ್ಲಿ. ಹಾಗಾಗಿ ಬೆಳಗ್ಗೆ ಹೋಗುವಾಗ ಎಲ್ಲರೂ ಶೂರರೇ. ಮಂಚೇನಹಳ್ಳಿ ದಾಟಿ, ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದವರೆಗೂ ಹೋಗಿ ನೆರಳಲ್ಲಿ ಕಾಲು ಚಾಚುವಷ್ಟು ಉಮೇದು. ಸಂಜೆ ಅದೇ 220 ಮೀಟರನ್ನು ಬಡ್ಡಿ ಸಮೇತ ತೀರಿಸಬೇಕು.

ಬಡ್ಡಿ ಅಂದದ್ದು ಕೆರೆಗಳನ್ನು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ಇದು. ಹಿಂದಿನವರು ತಗ್ಗು ಕಂಡಲ್ಲೆಲ್ಲ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿದರು. ಹಳ್ಳಿಯ ರಸ್ತೆ ದಿನ್ನೆಯಿಂದ ಇಳಿದು, ಏರಿಯ ಮೇಲೆ ಒಂದಷ್ಟು ದೂರ ಮಟ್ಟಸವಾಗಿ ಸಾಗಿ, ಕೋಡಿ ದಾಟಿದ ಕೂಡಲೇ ಮತ್ತೆ ಮೇಲೇಳುತ್ತದೆ. ಏರಿ ಮುಗಿದರೆ ಏರು. ಕಣ್ಣು ಪಳಗಿದವರು ನಕ್ಷೆ ಬಿಚ್ಚುವುದಿಲ್ಲ, ಬೆಳೆ ನೋಡುತ್ತಾರೆ. ತೆಂಗು, ಗದ್ದೆ ಕಂಡರೆ ತಗ್ಗು. ರಾಗಿ ಹೊಲ ದಾಟಿ ನೀಲಗಿರಿ ತೋಪು ಬಂತೆಂದರೆ ದಿನ್ನೆಯ ನೆತ್ತಿ. ದ್ರಾಕ್ಷಿ ಚಪ್ಪರವನ್ನು ಮಾತ್ರ ನಂಬಬಾರದು. ಬೋರ್‌ವೆಲ್ಲು, ಡ್ರಿಪ್ಪು ಬಂದ ಮೇಲೆ ಅದು ಎಲ್ಲಿ ಬೇಕಾದರೂ ಹಬ್ಬುತ್ತದೆ.

ಗೇರ್ ಇಳಿಸುವ ಜಾಗ ಏರಿಯ ಕೊನೆಯ ಇಪ್ಪತ್ತು ಮಾರು, ಏರಿನ ಮಧ್ಯವಲ್ಲ. ಕಾಲಿನ ಭಾರವೆಲ್ಲ ಪೆಡಲಿನ ಮೇಲಿರುವಾಗ ಬದಲಿಸಿದರೆ ಚೈನು ಕಟಕಟ ಎಂದು ಹಲ್ಲು ಹಾರುತ್ತದೆ, ಇಲ್ಲವೇ ಕಳಚಿಯೇ ಬೀಳುತ್ತದೆ. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು. ಪೆಡಲು ನಿಮಿಷಕ್ಕೆ ಎಪ್ಪತ್ತು ಸುತ್ತಿಗಿಂತ ಕಡಿಮೆಯಾದರೆ ಮಂಡಿ ದೂರು ಹೇಳಲು ಶುರುಮಾಡುತ್ತದೆ.

ಏರಿಯ ಮೇಲೆ ಇನ್ನೊಂದು ಕಾಟ, ಜಾಲಿ ಮುಳ್ಳು. ಕುರಿಗೋ ಎಮ್ಮೆಗೋ ದಾರಿ ಬಿಡಲು ರಸ್ತೆಯ ಅಂಚಿಗೆ ಸರಿದಿರೋ, ಮುಗಿಯಿತು. ಪಂಚರ್ ಆದಾಗ ಅವಸರದಲ್ಲಿ ಹೊಸ ಟ್ಯೂಬು ತುರುಕಿದರೆ ಎರಡೇ ನಿಮಿಷದಲ್ಲಿ ಅದೂ ತೂತು, ಏಕೆಂದರೆ ಮುಳ್ಳಿನ ಮೊನೆ ಟೈರಿನಲ್ಲೇ ಮುರಿದು ಕೂತಿರುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ನಿಧಾನಕ್ಕೆ ಒರೆಸಬೇಕು. ನೂಲು ಸಿಕ್ಕಿಕೊಂಡ ಕಡೆ ಮುಳ್ಳಿದೆ. ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್, ಕೈಪಂಪು ಜೊತೆಗಿರಲಿ. ಹಳ್ಳಿಯ ಪಂಚರ್ ಅಂಗಡಿಯ ಗಾಳಿಪೈಪು ತೆಳು ಮೂತಿಯ ವಾಲ್ವಿಗೆ ಕೂರುವುದಿಲ್ಲ, ಅದಕ್ಕೊಂದು ಹಿತ್ತಾಳೆ ಅಡಾಪ್ಟರ್ ಬೇಕು. ಕೂತರೂ ಹುಷಾರು. ಅದು ಲಾರಿ ಟೈರಿಗೆ ಗಾಳಿ ಹಿಡಿದು ರೂಢಿಯಾದ ಕೈ. 32 ಮಿಲಿಮೀಟರ್ ಅಗಲದ ಟೈರಿಗೆ 60–65 ಪಿಎಸ್‌ಐ ಒತ್ತಡ ಸಾಕು, ಕಂಪ್ರೆಸರ್‌ಗೆ ಅಷ್ಟು ತುಂಬಲು ಕ್ಷಣ ಸಾಕು, ಇನ್ನೊಂದು ಕ್ಷಣಕ್ಕೆ ಢಂ.

ಡಿಸೆಂಬರು ಜನವರಿಯಲ್ಲಿ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಡಾಂಬರಿನ ಮೇಲೆ ಮೊಣಕಾಲುದ್ದ. ಲಾರಿ ಹಾದರೆ ಕಾಳು ಉದುರುತ್ತದೆ, ಸೈಕಲ್ ಹಾದರೆ ಏನೂ ಆಗದು. ಹಾಗಾಗಿ ಒಕ್ಕುವವರಿಂದ ನಮ್ಮ ಜಾತಿಗೆ ಮರ್ಯಾದೆ ಕಮ್ಮಿ. ಹುಲ್ಲು ಜಾರುತ್ತದೆ. ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ, ನೆಟ್ಟಗೆ ಹೋಗಬೇಕು. ಇಳಿದು ತಳ್ಳಿಕೊಂಡು ಹೋದರೆ ಇನ್ನೂ ಒಳ್ಳೆಯದು. ಹಿಂದಿನ ಗೇರಿನ ಪುಟ್ಟ ಗಾಲಿಗಳಿಗೆ ಒಂದು ಎಳೆ ಹುಲ್ಲು ಸುತ್ತಿಕೊಂಡರೆ ಚೈನು ಬಿಗಿಯುತ್ತದೆ. ಆಗ ಪೌರುಷ ತೋರಿಸಿ ತುಳಿದರೆ ಗೇರನ್ನು ಹಿಡಿದಿರುವ ಕೊಂಡಿ ಬಾಗುತ್ತದೆ, ಕೆಲವೊಮ್ಮೆ ಮುರಿದು ಕಡ್ಡಿಗಳ ನಡುವೆ ಸಿಕ್ಕುತ್ತದೆ. ಅದು ಯಾವ ಹಳ್ಳಿಯಲ್ಲೂ ಸಿಗುವ ಸಾಮಾನಲ್ಲ. ನಿಲ್ಲಿಸಿ, ಹಿಂದಿನ ಚಕ್ರ ಎತ್ತಿ, ಪೆಡಲನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತ ಒಂದೊಂದೇ ಎಳೆ ಬಿಡಿಸಬೇಕು, ಜಡೆ ಬಿಡಿಸಿದ ಹಾಗೆ.

ಈ ದಾರಿಗೆ ಆಷಾಢವೇ ವಾಸಿ. ಪಡುವಣ ಗಾಳಿ ಹೋಗುವಾಗ ಎದೆಗೆ ಹೊಡೆದರೂ ಇಳಿಜಾರು ಸಂಭಾಳಿಸುತ್ತದೆ; ಬರುವಾಗ ಏರು ಹತ್ತಲು ಅದೇ ಗಾಳಿ ಬೆನ್ನು ತಳ್ಳುತ್ತದೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಇದೆಲ್ಲ ತಿರುಗುಮುರುಗು, ದಣಿದ ಹೊತ್ತಿಗೇ ಏರು, ಎದುರುಗಾಳಿ ಎರಡೂ.

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಮಧ್ಯೆ ಉಪ್ಪು ಹಾಕಿದ ಮಜ್ಜಿಗೆ. ಮಧ್ಯಾಹ್ನ ಮುದ್ದೆ ಅರ್ಧ ಸಾಕು. ಬಸ್ಸಾರು ಎಷ್ಟೇ ಕರೆದರೂ ಇಡೀ ಮುದ್ದೆ ನುಂಗಿದವರು ಮೊದಲ ದಿನ್ನೆಯಲ್ಲೇ ಇಳಿದು ತಳ್ಳುತ್ತಾರೆ.

ಮುಂದಿನ ದಾರಿಯನ್ನು ಅರಳಿಕಟ್ಟೆಯಲ್ಲಿ ವಿಚಾರಿಸುವುದು ವಾಡಿಕೆ. "ತಾತ, ಮುಂದೆ ಏರು ಐತಾ?"

"ಏರೆಲ್ಲೈತಪ್ಪಾ. ಸಪಾಟು ರೋಡು. ಮಧ್ಯದಾಗೆ ಮೂರು ಕೆರೆ ಏರಿ ಬರ್ತವೆ, ಅಷ್ಟೆ."