ಬಿಸ್ಮಾರ್ಕ್ ಸಮುದ್ರದ ಕದನ ಮತ್ತು ಗೇಮ್ ಥಿಯರಿ: ಒಂದು ಸ್ಪಷ್ಟನೆ

‘1943ರ ಮಾರ್ಚ್‌ನಲ್ಲಿ ಅಮೆರಿಕದ ಜನರಲ್ ಜಾರ್ಜ್ ಕೆನ್ನಿ ಗೇಮ್ ಥಿಯರಿ ಬಳಸಿ ಜಪಾನಿನ ಹಡಗುಪಡೆಯನ್ನು ಸೋಲಿಸಿದ’ ಎಂಬ ಮಾತು ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ಸರಿಯಲ್ಲ. ಗೇಮ್ ಥಿಯರಿ ಎಂದರೆ ಎದುರಾಳಿಯ ಆಯ್ಕೆಯನ್ನೂ ಲೆಕ್ಕಕ್ಕೆ ಹಿಡಿದು ತನ್ನ ನಡೆಯನ್ನು ಆರಿಸುವ ಗಣಿತ. ಅದರ ಬಗ್ಗೆ ಗಣಿತಜ್ಞ ಫಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ ಅವರ ಮೂಲಗ್ರಂಥ ಹೊರಬಂದದ್ದೇ 1944ರಲ್ಲಿ. ಈ ಕದನವನ್ನು ಕೋಷ್ಟಕದಲ್ಲಿಟ್ಟು ವಿಶ್ಲೇಷಿಸಿದವರು ವಾಯುಪಡೆಯ ಅಧಿಕಾರಿ ಹೇವುಡ್, 1954ರಲ್ಲಿ.

ಆ ಕೋಷ್ಟಕ ನಿಜಕ್ಕೂ ಸೊಗಸಾಗಿದೆ. ನ್ಯೂ ಬ್ರಿಟನ್ ದ್ವೀಪದಲ್ಲಿದ್ದ ಜಪಾನಿನ ನೆಲೆ ರಬೌಲ್‌ನಿಂದ ನ್ಯೂಗಿನಿಯ ಲೇ ಬಂದರಿಗೆ ಹಡಗುಗಳಿಗೆ ಮೂರು ದಿನದ ಪಯಣ. ದ್ವೀಪದ ಉತ್ತರದ ದಾರಿಯಲ್ಲಿ ಮಳೆಮೋಡ, ದಕ್ಷಿಣದಲ್ಲಿ ತಿಳಿ ಆಕಾಶ. ಕೆನ್ನಿ ಉತ್ತರದಲ್ಲಿ ಹುಡುಕಿದರೆ ಹಡಗುಗಳು ಯಾವ ದಾರಿ ಹಿಡಿದರೂ ಬಾಂಬ್ ದಾಳಿಗೆ 2 ದಿನ ಸಿಗುತ್ತದೆ. ದಕ್ಷಿಣದಲ್ಲಿ ಹುಡುಕಿದರೆ, ಹಡಗುಗಳು ಉತ್ತರದಲ್ಲಿದ್ದರೆ 1 ದಿನ, ದಕ್ಷಿಣದಲ್ಲಿದ್ದರೆ 3 ದಿನ. ಜಪಾನಿಗೆ ಉತ್ತರದ ದಾರಿ ದಕ್ಷಿಣದ್ದಕ್ಕಿಂತ ಎಂದೂ ಕೆಡುಕಿನದಲ್ಲ. ಇಬ್ಬರೂ ಉತ್ತರವನ್ನೇ ಆರಿಸಿದರು.

ಹಾಗಾಗಿ ‘ಜಪಾನ್ ತಪ್ಪು ದಾರಿ ಹಿಡಿಯಿತು’ ಎಂಬುದೂ ಅನ್ಯಾಯದ ಮಾತು. ಎಂಟೂ ಸಾಗಣೆ ಹಡಗುಗಳು ಮುಳುಗಿದವು, ಸಾವಿರಾರು ಸೈನಿಕರು ಸತ್ತರು. ಅಷ್ಟು ದೊಡ್ಡ ನಾಶವನ್ನು ನಾಲ್ಕು ಮನೆಯ ಕೋಷ್ಟಕ ವಿವರಿಸುವುದಿಲ್ಲ. ಅದಕ್ಕೆ ಜಪಾನಿನ ಗುಪ್ತ ಸಂಕೇತಗಳನ್ನು ಭೇದಿಸಿದ್ದರಿಂದ ಸಿಕ್ಕ ಮುನ್ಸೂಚನೆ ಮತ್ತು ನೀರಿನ ಮೇಲ್ಮೈಗೆ ತೀರ ಹತ್ತಿರದಿಂದ ಬಾಂಬ್ ಎಸೆಯುವ ಹೊಸ ತಂತ್ರವನ್ನು ನೋಡಬೇಕು.