ಕೇಳದೆ ಸೆಟ್ಟಿಂಗ್ ಬದಲಿಸುವುದು ಸರಿಯೇ?

ಪರ

ಕೊಡಗಿನ ತೋಟದ ಆಫೀಸಿನಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆಯುವ ರೈಟರೇ ಕಂಪ್ಯೂಟರನ್ನೂ ನೋಡಿಕೊಳ್ಳಬೇಕು. ಹೋಂಸ್ಟೇಗಳಲ್ಲೂ ಅಷ್ಟೆ, ಬುಕಿಂಗ್ ನೋಡುವವರೇ ಅಡುಗೆಮನೆಗೂ ಓಡುತ್ತಾರೆ. ಭದ್ರತೆಯ ಪುಟ ತೆರೆದು ಓದಲು ಇವರಿಗೆ ಪುರುಸೊತ್ತಿಲ್ಲ. ಸಾಫ್ಟ್‌ವೇರ್ ಕಂಪನಿ ಮೊದಲ ದಿನ ಹೇಗಿಟ್ಟು ಕೊಟ್ಟಿತೋ ಹಾಗೆಯೇ ಯಂತ್ರ ಹಳೆಯದಾಗುತ್ತದೆ. ಹಾಗಾಗಿ ಅಪಾಯದ ರೂಪ ಬದಲಾದಾಗ ಸೆಟ್ಟಿಂಗನ್ನೂ ಕಂಪನಿಯೇ ಬದಲಿಸಬೇಕು. ಒಬ್ಬೊಬ್ಬರನ್ನೂ ಕೇಳುತ್ತ ಕೂತರೆ ಕಳ್ಳನಿಗೆ ಅಷ್ಟು ದಿನ ಬಾಗಿಲು ತೆರೆದೇ ಇರುತ್ತದೆ.

ಎಕ್ಸೆಲ್ ಮ್ಯಾಕ್ರೋಗಳ, ಅಂದರೆ ಕಡತದೊಳಗೇ ಅಡಗಿ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂಗಳ ವಿಷಯ ನೋಡಿ. ಕಾಫಿ ಬಿಲ್ಲೆಂದು ಮೇಲ್‌ನಲ್ಲಿ ಬಂದ ಕಡತ ತೆರೆದರೆ ಹಳದಿ ಪಟ್ಟಿಯಲ್ಲಿ 'ಎನೇಬಲ್ ಕಂಟೆಂಟ್' ಗುಂಡಿ ಕಾಣುತ್ತಿತ್ತು. ಅವಸರದಲ್ಲಿ ಒಂದು ಸಲ ಒತ್ತಿದರೆ ಸಾಕು, ಒಳಗಿದ್ದ ದುಷ್ಟ ಮ್ಯಾಕ್ರೋ ಕೆಲಸ ಶುರುಮಾಡುತ್ತಿತ್ತು. 2022ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಕಡತಗಳಿಗೆ ಆ ಗುಂಡಿಯನ್ನೇ ತೆಗೆಯಿತು. ಈಗ ಮ್ಯಾಕ್ರೋ ಬೇಕೇ ಬೇಕೆಂದರೆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, 'ಅನ್‌ಬ್ಲಾಕ್' ಗುರುತು ಹಾಕಬೇಕು. ಅಷ್ಟು ದೂರ ಹೋಗುವವರು ಯೋಚಿಸಿಯೇ ಹೋಗುತ್ತಾರೆ.

ಗೂಗಲ್ ಕೂಡ 2021ರಲ್ಲಿ ಸುಮಾರು 15 ಕೋಟಿ ಖಾತೆಗಳಿಗೆ ಎರಡು ಹಂತದ ಪರಿಶೀಲನೆಯನ್ನು ತಾನಾಗಿಯೇ ಜೋಡಿಸಿತು. ಆ ಖಾತೆಗಳಲ್ಲಿ ಕಳ್ಳರ ಪಾಲಾಗುವುದು ಅರ್ಧದಷ್ಟು ಇಳಿಯಿತೆಂದು ಮರುವರ್ಷ ಹೇಳಿತು. ಬೇಕೇ ಎಂದು ಕೇಳಿದ್ದರೆ ಬಹುಮಂದಿ 'ಆಮೇಲೆ' ಎಂದೇ ಒತ್ತುತ್ತಿದ್ದರು. ಆ 'ಆಮೇಲೆ'ಯ ಬೆಲೆ ಎಷ್ಟೆಂಬುದು 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ವೈರಸ್ ಹರಡಿದಾಗ ಗೊತ್ತಾಯಿತು. ಅದು ನುಗ್ಗಿದ ರಂಧ್ರಕ್ಕೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದ ಎಷ್ಟೋ ಮಂದಿ ಕಡತ ಕಳೆದುಕೊಂಡರು.

ಬದಲಾವಣೆಯನ್ನು ಹಿಂದಕ್ಕೆ ತರುವ ದಾರಿ ಇರಲೇಬೇಕು, ನಿಜ. ಮೊದಲೇ ಅನುಮತಿ ಪಡೆಯಬೇಕೆಂಬ ಹಟ ಮಾತ್ರ ಬೇಡ.

ವಿರೋಧ

ರಂಧ್ರ ಮುಚ್ಚುವುದು ಬೇರೆ, ಬಳಕೆದಾರ ಆರಿಸಿಟ್ಟದ್ದನ್ನು ಬೆನ್ನ ಹಿಂದೆ ತಿರುಗಿಸುವುದು ಬೇರೆ. ಮೊದಲನೆಯದಕ್ಕೆ ಯಾರ ತಕರಾರೂ ಇಲ್ಲ. ಆದರೆ ಭದ್ರತೆಯ ಹೆಸರಿನ ಸಲಿಗೆ ಒಮ್ಮೆ ಸಿಕ್ಕಿದರೆ ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ದಾಖಲೆ ಇದೆ. 2016ರಲ್ಲಿ ವಿಂಡೋಸ್ 10ಕ್ಕೆ ಏರಿಸುವ ಕಿಟಕಿಯ ಮೂಲೆಯಲ್ಲಿದ್ದ ಕೆಂಪು ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೂ ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಬೇಡ ಎಂದದ್ದೇ ಒಪ್ಪಿಗೆಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಆಂಡ್ರಾಯ್ಡ್ 9 ಇದ್ದ ಕೆಲವರ ಫೋನುಗಳಲ್ಲಿ ಬ್ಯಾಟರಿ ಸೇವರ್ ತಾನಾಗಿಯೇ ಆನ್ ಆಗಿತ್ತು. ದೂರದಿಂದ ತಪ್ಪಾಗಿ ಕಳುಹಿಸಿದ್ದೆಂದು ಗೂಗಲ್ ಕ್ಷಮೆ ಕೇಳಿತು. ಕೈ ಅಷ್ಟು ಉದ್ದವಿದೆ ಎಂಬುದೇ ನನ್ನ ಚಿಂತೆ.

ನಮ್ಮ ಕಡೆ ಇದರ ಪೆಟ್ಟು ಹೆಚ್ಚು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟಿನ ಜೊತೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಉಳಿಯುವುದು ಗುಡ್ಡದ ಮೇಲೆ ಸಿಗುವ ಒಂದೆರಡು ಕಡ್ಡಿ. ಇಂಥ ಕಡೆ ಹೊಸ ವಿಂಡೋಸ್ 11 ಕಂಪ್ಯೂಟರ್ ತಂದು ಜೋಡಿಸಿದರೆ, ಕೇಳದೆಯೇ ವನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಬ್ಯಾಕಪ್ ಆನ್ ಆಗಿರುವುದುಂಟು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಅದು ಮೇಲಕ್ಕೆ ಎಳೆಯುತ್ತದೆ. ಉಚಿತ ಜಾಗ 5 ಜಿಬಿ ಮಾತ್ರ. ಹೋಂಸ್ಟೇಯ ಫೋಟೊಗಳಿಗೇ ಅದು ಸಾಲದು. ಗಾಬರಿಯಾಗಿ ಬ್ಯಾಕಪ್ ನಿಲ್ಲಿಸಿದರೆ ಡೆಸ್ಕ್‌ಟಾಪ್ ಖಾಲಿ ಕಾಣಬಹುದು. ಕಡತ ಅಳಿದಿರುವುದಿಲ್ಲ, ವನ್‌ಡ್ರೈವ್ ಫೋಲ್ಡರಿನೊಳಗಿನ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿರುತ್ತದೆ. ಅಲ್ಲಿಂದ ಎತ್ತಿ ಹಳೆಯ ಜಾಗಕ್ಕೆ ಹಾಕಬೇಕು.

ಹಾಟ್‌ಸ್ಪಾಟ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ವೈಫೈ, ಆ ಜಾಲದ ಪ್ರಾಪರ್ಟೀಸ್ ತೆರೆದು ಡೇಟಾ ಮಿತವಾಗಿ ಬಳಸುವಂತೆ ಕಂಪ್ಯೂಟರಿಗೆ ಹೇಳುವ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿಕೊಳ್ಳಬೇಕು. ಇದು ಪ್ರತಿ ಜಾಲಕ್ಕೂ ಬೇರೆ ಬೇರೆ, ಫೋನ್ ಬದಲಿಸಿದರೆ ಮತ್ತೆ ಮಾಡಬೇಕು.

ಒಳ್ಳೆಯ ಉದ್ದೇಶದ ಬದಲಾವಣೆಯೂ ಕೈಕೊಡುತ್ತದೆ. ಆಂಡ್ರಾಯ್ಡ್ 11ರಿಂದ, ಕೆಲವು ತಿಂಗಳು ತೆರೆಯದ ಆ್ಯಪ್‌ನ ಅನುಮತಿಗಳನ್ನು ಫೋನೇ ಕಿತ್ತುಕೊಳ್ಳುತ್ತದೆ. ಖಾಸಗಿತನಕ್ಕೆ ಇದು ಒಳ್ಳೆಯದೇ. ಆದರೆ ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪನ್ನು ಚಳಿಗಾಲದಲ್ಲಿ ಯಾರು ತೆರೆಯುತ್ತಾರೆ? ಹಿನ್ನೆಲೆಯಲ್ಲಿ ಓಡಿದ ಮಾತ್ರಕ್ಕೆ ಬಳಸಿದಂತೆ ಲೆಕ್ಕವಿಲ್ಲ. ಲೊಕೇಶನ್ ಅನುಮತಿ ಹೋದರೆ ನೀವು ಎಲ್ಲಿದ್ದೀರೆಂದು ಅದಕ್ಕೆ ತಿಳಿಯದು. ಅನುಮತಿ ತೆಗೆದೆವೆಂಬ ಸೂಚನೆ ಬಂದರೂ ನೂರು ವಾಟ್ಸಾಪ್ ಮೆಸೇಜುಗಳ ನಡುವೆ ಸರಿದುಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಆಳುಗಳು ತೋಟದಲ್ಲಿರುವಾಗ ಫೋನ್ ಸುಮ್ಮನಿರುತ್ತದೆ.

ಮಾರ್ಚ್ ಮುಗಿಯುವ ಮೊದಲು ಆ್ಯಪನ್ನು ಒಮ್ಮೆ ತೆರೆಯಿರಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಅದನ್ನು ಒತ್ತಿ, ಬಳಸದಿದ್ದಾಗ ಅನುಮತಿ ತೆಗೆಯುವ ಗುಂಡಿಯನ್ನು ಆಫ್ ಮಾಡಿ. ಅದರ ಹೆಸರು ಫೋನಿಂದ ಫೋನಿಗೆ ಸ್ವಲ್ಪ ಬೇರೆ. ಲೊಕೇಶನನ್ನು 'ಯಾವಾಗಲೂ' ಎಂದಿಡಿ, ಬ್ಯಾಟರಿಯಲ್ಲಿ 'ಅನ್‌ರೆಸ್ಟ್ರಿಕ್ಟೆಡ್' ಆರಿಸಿ. ಸಿಸ್ಟಂ ಅಪ್‌ಡೇಟ್ ಆದ ಮರುದಿನ ಈ ಮೂರನ್ನೂ ಮತ್ತೆ ನೋಡಿ.