ಓಹಾಯೋದ ಪ್ರಾರ್ಥನೆ, ಕೋಲಾರದ ಪ್ರಾರ್ಥನೆ

ಅಮೆರಿಕದಲ್ಲಿ ಮೇ ತಿಂಗಳ ಮೊದಲ ಗುರುವಾರ ರಾಷ್ಟ್ರೀಯ ಪ್ರಾರ್ಥನಾ ದಿನ. 1952ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಕಾನೂನಿನಿಂದ ಬಂದದ್ದು. ಮೊದಲ ಗುರುವಾರವೇ ಆಗಬೇಕು ಎಂದು ಗೊತ್ತುಮಾಡಿದ್ದು 1988ರಲ್ಲಿ, ರೇಗನ್ ಕಾಲದಲ್ಲಿ. ನಾನಿರುವ ಓಹಾಯೋದಲ್ಲೂ ಅವತ್ತು ಚರ್ಚ್ ಅಂಗಳಗಳಲ್ಲಿ, ಸರ್ಕಾರಿ ಕಟ್ಟಡಗಳ ಮುಂದೆ ಜನ ಸೇರುತ್ತಾರೆ. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಬಾವುಟ. ದೇಶ ದೇವರನ್ನು ಮರೆತಿದೆ, ಪಶ್ಚಾತ್ತಾಪಪಟ್ಟು ತಿರುಗಿಕೊಳ್ಳೋಣ ಅಂತ ಕರೆ ಕೊಡುತ್ತಾರೆ.

ಕೋಲಾರದ ಮೆಥೊಡಿಸ್ಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದ ನನಗೆ ಇದೇನೂ ಹೊಸದಲ್ಲ. ಉಪವಾಸ ಪ್ರಾರ್ಥನೆ, ಪಾಪದ ಅರಿಕೆ, ರಾತ್ರಿ ಕೂಟ ಎಲ್ಲ ನಮ್ಮಲ್ಲೂ ಇದೆ. ಕರೆಯೂ ಒಳ್ಳೆಯದೇ. ಆದರೆ ಅಲ್ಲಿ ತಲೆಬಾಗಿಸಿ ನಿಂತಾಗ ಪ್ರತಿ ಸಲ ಒಂದು ಪ್ರಶ್ನೆ ಕಾಡುತ್ತದೆ. ತಿರುಗಿಕೊಳ್ಳಬೇಕಾದವರು ಯಾರು? ಇಲ್ಲಿ ಸೇರಿರುವ ನಾವಾ, ಅಥವಾ ಇಲ್ಲಿಗೆ ಬಾರದ ಅವರಾ?

ಅವತ್ತು ಬಹಳ ಸಲ ಓದುವ ವಚನ ಬೈಬಲಿನ ಎರಡನೆಯ ಪೂರ್ವಕಾಲವೃತ್ತಾಂತ 7:14. ನನ್ನ ಜನರು ತಮ್ಮನ್ನು ತಗ್ಗಿಸಿಕೊಂಡು, ಪ್ರಾರ್ಥನೆ ಮಾಡಿ, ಕೆಟ್ಟ ದಾರಿ ಬಿಟ್ಟರೆ ಅವರ ಪಾಪ ಕ್ಷಮಿಸಿ ದೇಶವನ್ನು ವಾಸಿಮಾಡುತ್ತೇನೆ ಎಂದು ದೇವರು ಸೊಲೊಮೋನನಿಗೆ ಕೊಟ್ಟ ಮಾತು ಅದು. ಬ್ಯಾನರ್ ಮೇಲೂ ಅದೇ, ಟೀ ಶರ್ಟ್ ಮೇಲೂ ಅದೇ. ಅದರ ಹಿಂದಿನ 13ನೇ ವಚನವನ್ನು ಮಾತ್ರ ಇಲ್ಲಿ ಯಾರೂ ಓದುವುದಿಲ್ಲ. ಅಲ್ಲಿರುವುದು ಮಳೆ ನಿಂತುಹೋಗುವ ಮಾತು, ಮಿಡತೆಯ ಮಾತು, ಕಾಯಿಲೆಯ ಮಾತು.

ಕೋಲಾರದಲ್ಲಿ 13ನ್ನು ಬಿಟ್ಟು 14ನ್ನು ಓದುವುದು ಹೇಗೆ? ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ. ಪಾಲಾರ್ ನಂದಿ ಬೆಟ್ಟದಲ್ಲಿ ಹುಟ್ಟಿ ನಮ್ಮ ಕಡೆಯೇ ಹಾದುಹೋಗುತ್ತದೆ, ಆದರೆ ಕಾಣುವುದು ಬರೀ ಮರಳು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇಂಥ ಊರಿನಲ್ಲಿ ‘ದೇಶವನ್ನು ವಾಸಿಮಾಡು’ ಅಂದರೆ ಮೊದಲು ಮಳೆ ಕೊಡು, ಕೆರೆ ತುಂಬಿಸು ಅಂತಲೇ. ಅರಿಕೆಯಲ್ಲಿ ಯಾರಾದರೂ ಕೆರೆ ಒತ್ತುವರಿ, ಮರಳು ಸಾಗಣೆ ಅಂತ ಸೇರಿಸಿದರೆ ನಮ್ಮ ಸಭೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಹಾಗೆ ಸೇರಿಸುವವರು ಕಡಿಮೆ, ಅದು ಬೇರೆ ಮಾತು.

ಆಳುವವರಿಗಾಗಿ ಮಾಡುವ ಪ್ರಾರ್ಥನೆಯಲ್ಲೂ ಎರಡು ಊರಿಗೂ ವ್ಯತ್ಯಾಸ ಇದೆ. ಕೋಲಾರದಲ್ಲಿ ಭಾನುವಾರದ ಆರಾಧನೆಯಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ ಎಲ್ಲರನ್ನೂ ನೆನೆಯುತ್ತೇವೆ. ಯಾವ ಪಕ್ಷ ಅಂತ ನೋಡುವುದಿಲ್ಲ. ಅವರು ನಮ್ಮ ಧರ್ಮದವರಲ್ಲ ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಜ್ಞಾನ ಕೊಡು, ನ್ಯಾಯವಾಗಿ ಆಳಲಿ, ನಾವು ನೆಮ್ಮದಿಯಾಗಿ ಬಾಳುವಂತಾಗಲಿ. ಅಷ್ಟೇ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಅರಸರಿಗಾಗಿ ಪ್ರಾರ್ಥಿಸಿ ಅಂದಾಗ ರೋಮಿನ ಚಕ್ರವರ್ತಿಯೇನು ಕ್ರೈಸ್ತನಾಗಿರಲಿಲ್ಲವಲ್ಲ. ಪ್ರವಾದಿ ಯೆರೆಮೀಯನು ಬಾಬೆಲಿಗೆ ಸೆರೆಹೋದವರಿಗೂ ಇದನ್ನೇ ಬರೆದ. ನೀವಿರುವ ಪಟ್ಟಣದ ಕ್ಷೇಮ ಹುಡುಕಿ, ಅದಕ್ಕಾಗಿ ಪ್ರಾರ್ಥನೆ ಮಾಡಿ ಎಂದು. ಹೊರನಾಡಿನಲ್ಲಿರುವ ನನ್ನಂಥವನಿಗೆ ಇದಕ್ಕಿಂತ ಹತ್ತಿರದ ವಚನ ಇನ್ನೊಂದಿಲ್ಲ.

ಇಲ್ಲಿ ಹಾಗಲ್ಲ. ದೇಶ ನಮ್ಮದಾಗಿತ್ತು, ಯಾರೋ ಕಿತ್ತುಕೊಂಡರು, ವಾಪಸ್ ಕೊಡಿಸು ಅನ್ನುವ ದನಿ ಜಾಸ್ತಿ. ಎಲ್ಲರದ್ದೂ ಹಾಗೆ ಅಂತ ನಾನು ಹೇಳುವುದಿಲ್ಲ. ಊರಲ್ಲಿ ನಾನು ಅಲ್ಪಸಂಖ್ಯಾತ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ವಿಮಾನ ಇಳಿದದ್ದೇ ತಡ, ಬಹುಸಂಖ್ಯಾತನಾಗಿಬಿಟ್ಟೆ! ಸರ್ಕಾರಿ ಕಟ್ಟಡದ ಮುಂದೆ ಯೇಸುವಿನ ಹೆಸರಲ್ಲಿ ಪ್ರಾರ್ಥನೆ ನಡೆಯುವಾಗ ನನಗೆ ಹಿತವಾಗಿರುತ್ತದೆ. ಪಕ್ಕದಲ್ಲಿ ಹಾದುಹೋಗುವ ಕನ್ನಡ ಕೂಟದ ಸ್ನೇಹಿತನಿಗೆ ಹೇಗನ್ನಿಸುತ್ತದೆ ಅಂತ ನನಗೆ ಗೊತ್ತು. ಊರಲ್ಲಿ ನಾನು ಅವನ ಜಾಗದಲ್ಲಿದ್ದೆ, ಅದಕ್ಕೇ ಗೊತ್ತು. ದೇಶದ ಪರಂಪರೆ ಅಂದರೆ ನಮ್ಮ ಧರ್ಮವೇ ಅನ್ನುವ ಮಾತು ಎರಡೂ ಕಡೆ ಕೇಳಿದ್ದೇನೆ. ದೇವರ ಹೆಸರು ಬೇರೆ, ದನಿ ಒಂದೇ.

ಪರಂಪರೆಯ ಮಾತು ಸುಳ್ಳು ಅಂತಲ್ಲ. 1775ರಲ್ಲಿ, ಸ್ವಾತಂತ್ರ್ಯ ಘೋಷಣೆಗೂ ಮುಂಚೆ, ಇಲ್ಲಿನ ಕಾಂಗ್ರೆಸ್ಸು ಉಪವಾಸ ಪ್ರಾರ್ಥನೆಗೆ ಕರೆ ಕೊಟ್ಟಿತ್ತು. ಹಾಗೆಯೇ, ಅಧ್ಯಕ್ಷನಾಗಿದ್ದಾಗ ಜೆಫರ್ಸನ್ ಅಂಥ ಕರೆ ಕೊಡಲು ಒಪ್ಪಲಿಲ್ಲ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು ಅನ್ನುವ ತಿದ್ದುಪಡಿ 1791ರಲ್ಲೇ ಬಂತು. ಧ್ವಜವಂದನೆಯ ಪ್ರತಿಜ್ಞೆಯಲ್ಲಿ ದೇವರ ಹೆಸರು ಸೇರಿದ್ದು 1954ರಲ್ಲಿ. ದೇವರಲ್ಲಿ ನಂಬಿಕೆ ಇಟ್ಟಿದ್ದೇವೆ ಅನ್ನುವುದು ರಾಷ್ಟ್ರದ ಧ್ಯೇಯವಾಕ್ಯವಾದದ್ದು 1956ರಲ್ಲಿ, ರಷ್ಯಾ ಜೊತೆ ಶೀತಲ ಸಮರ ನಡೆಯುತ್ತಿದ್ದಾಗ. ಪೂರ್ವಜರ ಕಾಲದ್ದು ಅಂತ ಇಲ್ಲಿನವರು ಅಂದುಕೊಂಡಿರುವುದರಲ್ಲಿ ಎಷ್ಟೋ ನಮ್ಮ ಕೆ.ಆರ್.ಎಸ್. ಅಣೆಕಟ್ಟಿಗಿಂತ ಹೊಸದು.

ಆದರೆ ನನ್ನ ತಕರಾರು ಇಸವಿಗಳದ್ದಲ್ಲ. ನಮ್ಮ ಕಡೆ ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪಹಣಿಗೆ ತಮ್ಮ ಹೆಸರು ಸೇರಿಸಿ ಅಂತ ತಾಲ್ಲೂಕು ಆಫೀಸಿಗೆ ಓಡುವ ಮಕ್ಕಳು, ಸೊಸೈಟಿ ಸಾಲದ ನೋಟಿಸು ಬಂದಾಗ ಅದು ಅಪ್ಪನದ್ದು, ನಮಗೆ ಸಂಬಂಧ ಇಲ್ಲ ಅನ್ನುತ್ತಾರಲ್ಲ, ಹಾಗಿದೆ ಇದು. ಕ್ರೈಸ್ತ ಪರಂಪರೆ ನಮ್ಮದು ಅನ್ನುವುದಾದರೆ ಬೈಬಲ್ ಹಿಡಿದೇ ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡದ್ದೂ ಆ ಪರಂಪರೆಯದ್ದೇ.

ಇಲ್ಲಿನ ಹಿಂದಿನವರಲ್ಲಿ ಕೆಲವರು ಇದನ್ನು ಚೆನ್ನಾಗಿ ಅರಿತಿದ್ದರು. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟ ಮಾಡಿದರು ಅನ್ನುವ ಆರೋಪದ ಮೇಲೆ 19 ಜನರನ್ನು ನೇಣಿಗೆ ಹಾಕಿದರು. ತೀರ್ಪು ಕೊಟ್ಟ ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸೂವಲ್ ಒಬ್ಬ. 1697ರ ಜನವರಿ 14ರಂದು ಇಡೀ ಪ್ರಾಂತ್ಯಕ್ಕೆ ಉಪವಾಸ ದಿನ ಗೊತ್ತಾಯಿತು. ಅವತ್ತು ಬಾಸ್ಟನ್ನಿನ ದೇವಾಲಯದಲ್ಲಿ ಸೂವಲ್ ತಪ್ಪೊಪ್ಪಿಗೆಯ ಚೀಟಿ ಬರೆದು ಸಭಾಪಾಲಕರ ಕೈಗೆ ಕೊಟ್ಟ. ಅವರು ಅದನ್ನು ಓದುವಷ್ಟು ಹೊತ್ತು ಇಡೀ ಸಭೆಯ ಮುಂದೆ ಎದ್ದು ನಿಂತಿದ್ದ. ನಿಂದೆ, ನಾಚಿಕೆ ನನ್ನ ಮೇಲಿರಲಿ ಅನ್ನುವುದೇ ಆ ಚೀಟಿಯ ತಿರುಳು. ಒಬ್ಬ ಜಡ್ಜ್ ಹೀಗೆ ನಿಲ್ಲುವುದನ್ನು ನಮ್ಮ ಕಾಲದಲ್ಲಿ ಊಹಿಸಿಕೊಳ್ಳಿ ನೋಡೋಣ.

ಲಿಂಕನ್ ಕೂಡ ಅಂತರ್ಯುದ್ಧದ ಮಧ್ಯೆ 1863ರ ಏಪ್ರಿಲ್ 30ನ್ನು ಉಪವಾಸ ದಿನ ಅಂತ ಸಾರಿದ. ಎಡೆಬಿಡದ ಗೆಲುವಿನಿಂದ ನಮಗೆ ಅಮಲೇರಿತು, ದೇವರನ್ನು ಮರೆತೆವು ಎಂದು ಆ ಪ್ರಕಟಣೆಯಲ್ಲಿದೆ. ಎದುರಾಳಿ ದಕ್ಷಿಣದವರು ಮರೆತರು ಅನ್ನಲಿಲ್ಲ. ‘ನಾವು’ ಅಂದ. ಗುಲಾಮರನ್ನು ಇಟ್ಟುಕೊಂಡವರ ಪರ ನಿಂತು 1845ರಲ್ಲಿ ಹುಟ್ಟಿದ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಚರ್ಚುಗಳ ಒಕ್ಕೂಟ 1995ರಲ್ಲಿ ಠರಾವು ಮಾಡಿ ಕ್ಷಮೆ ಕೇಳಿತು. 150 ವರ್ಷ ಹಿಡಿಯಿತು, ನಿಜ. ಆದರೂ ಪಾಪದ ಹೆಸರು ಬರೆದು ಕೇಳಿತು. ಪರಂಪರೆ ಅಂತ ಹೆಮ್ಮೆಪಡುವುದಿದ್ದರೆ ಇಂಥವನ್ನು ಮುಂದಿಟ್ಟುಕೊಳ್ಳಲಿ ಅನ್ನಿಸುತ್ತದೆ. ಮೇ ತಿಂಗಳ ಗುರುವಾರ ಇವು ನನ್ನ ಕಿವಿಗೆ ಬೀಳುವುದು ಅಪರೂಪ.

ಈಗ ನಮ್ಮ ಮನೆಯ ವಿಷಯ. ಕೋಲಾರದ ಕ್ರೈಸ್ತರಿಗೂ ಹೆಮ್ಮೆಗೆ ಬೇಕಾದಷ್ಟಿದೆ. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅನಾಥರಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿದವರು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು. ಆಮೇಲೆ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಊರಿನ ಇ.ಟಿ.ಸಿ.ಎಂ. ಆಸ್ಪತ್ರೆ 1910ರ ಹೊತ್ತಿಗೆ ಶುರುವಾದದ್ದು. ಆ ಇಂಗ್ಲಿಷ್ ಅಕ್ಷರಗಳ ಹಿಂದಿರುವ ಎಲೆನ್ ಥೋಬರ್ನ್ ಕೋವೆನ್ ಇದೇ ಓಹಾಯೋದವರು! ಇಲ್ಲಿನ ನನ್ನ ಸಭೆಯವರಿಗೆ ಹೇಳಿದರೆ ನಂಬಲೇ ಇಲ್ಲ. ಇನ್ನು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ ಅಚ್ಚುಹಾಕಿಸಿದ ಬಿ.ಎಲ್. ರೈಸ್, ಬೆಂಗಳೂರಿನಲ್ಲೇ ಹುಟ್ಟಿದ ಮಿಷನರಿ ಮಗ. ನಮ್ಮ ಗಂಗರು ಚೋಳರು ಏನು ಬರೆಸಿದ್ದರು ಅಂತ ಲೋಕಕ್ಕೆ ತಿಳಿದದ್ದು ಅವರಿಂದ. ನಾಡಿನ ಪರಂಪರೆಗೂ ನಮಗೂ ಸಂಬಂಧವೇ ಇಲ್ಲ ಅನ್ನುವವರಿಗೆ ಇಷ್ಟು ಸಾಕು.

ಆದರೆ ಸಾಲದ ನೋಟಿಸು ನಮಗೂ ಬಂದಿದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಮೇಜಿನ ಮುಂದೆ ಎಲ್ಲರೂ ಒಂದೇ ಅನ್ನುತ್ತೇವೆ. ಮಗನಿಗೆ ಹೆಣ್ಣು ನೋಡುವಾಗ ಮಾತ್ರ ಮೂರು ತಲೆಮಾರಿನ ಹಿಂದಿನ ಜಾತಿ ತಟ್ಟನೆ ನೆನಪಾಗುತ್ತದೆ. ವರದಕ್ಷಿಣೆಯನ್ನು ‘ಅವರ ಮಗಳಿಗೆ ಅವರು ಕೊಡೋದು’ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಭಾನುವಾರದ ಅರಿಕೆಯನ್ನು ಬಾಯಿಪಾಠ ಒಪ್ಪಿಸುತ್ತೇವೆ. ಮಾತಿನಲ್ಲೂ ಕೃತ್ಯದಲ್ಲೂ ಪಾಪ ಮಾಡಿದೆವು ಅಂದರೆ ಯಾವ ಮಾತು, ಯಾವ ಕೃತ್ಯ? ಈ ಒಂದು ವಿಷಯದಲ್ಲಿ ಸೂವಲ್‌ನ ಚೀಟಿ ನಮಗೆ ಪಾಠ. ಅದರ ಬದಲು ನಾವು ಅಮೆರಿಕದಿಂದ ತರಿಸಿಕೊಳ್ಳುತ್ತಿರುವುದು ಯೂಟ್ಯೂಬಿನ ಅಬ್ಬರದ ಪ್ರಸಂಗಗಳನ್ನು. ದೇಶವನ್ನೇ ಗೆದ್ದುಕೊಡು ಅಂತ ಕೂಗುವುದನ್ನು ನಮ್ಮ ಹುಡುಗರೂ ಕಲಿಯುತ್ತಿದ್ದಾರೆ. ನೂರಕ್ಕೆ ಇಬ್ಬರಿಲ್ಲದವರು ಗೆಲ್ಲುವುದೇನು? ಸುಮ್ನೆ ಅಕ್ಕಪಕ್ಕದವರಿಗೂ ಭಯ, ನಮಗೂ ತೊಂದರೆ.

ಈಸ್ಟರಿಗೆ ಮುಂಚಿನ ಲೆಂಟ್ ಕಾಲದ ನಲವತ್ತು ದಿನ ಬಾಡೂಟ ಬಿಡುವುದು ನಮ್ಮವರಲ್ಲಿ ಅನೇಕರಿಗೆ ಕಷ್ಟವಲ್ಲ. ಆ ದಿನಗಳಲ್ಲಿ ಮದುವೆಯೂ ಇಲ್ಲ. ಈಸ್ಟರ್ ಆದ ಮೇಲೆ ಮತ್ತೆ ಶುರು. ಮದುವೆಗೆ ಮುಂಚೆ ಹುಡುಗ ಹುಡುಗಿಯ ಹೆಸರನ್ನು ಮೂರು ಭಾನುವಾರ ಸಭೆಯಲ್ಲಿ ಓದಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಅಂತ ಕೇಳುವ ಪದ್ಧತಿ ಇದೆ. ಅದೇ ಉಸಿರಿನಲ್ಲಿ ಸಭಾಪಾಲಕರು, ಕೊಟ್ಟದ್ದೆಷ್ಟು ತಗೊಂಡದ್ದೆಷ್ಟು ಅಂತಲೂ ಕೇಳಲಿ. ಮೂರು ಭಾನುವಾರವೂ ಕೇಳಲಿ.